ಎಳೆಯದ ಚೈನು

ರೈಲು ತಡವಾದ ಕತೆ ಎಲ್ಲರ ಹತ್ತಿರವೂ ಒಂದಾದರೂ ಇರುತ್ತೆ. ಹೇಳುವವನಿಗೆ ಅದು ಮಹಾಭಾರತ, ಕೇಳುವವನಿಗೆ ಆಕಳಿಕೆ. ಹಾಗಾಗಿ ಮೊದಲೇ ಹೇಳಿಬಿಡ್ತೀನಿ. ನನ್ನ ರೈಲು ಅವತ್ತು ಐದು ಗಂಟೆ ತಡವಾಗಿತ್ತು, ಆದರೆ ನನ್ನ ತಕರಾರು ಆ ಐದು ಗಂಟೆಯದ್ದಲ್ಲ. ಅವತ್ತು ಸಂಜೆ ದೊಡ್ಡಬಳ್ಳಾಪುರದ ಹತ್ತಿರ ಒಂದೆರಡು ನಿಮಿಷ, ಕೈ ಎತ್ತಲೋ ಬೇಡವೋ ಅಂತ ಬೋಗಿಯ ನಡುವೆ ನಿಂತಿದ್ದೆ. ನನಗೆ ಇವತ್ತಿಗೂ ಬಗೆಹರಿಯದೆ ಉಳಿದಿರುವುದು ಆ ಒಂದೆರಡು ನಿಮಿಷ.

ಕೆಲವು ವರ್ಷದ ಹಿಂದಿನ ಮಾತು. ಸಂಕ್ರಾಂತಿಗೆ ಇನ್ನು ಎರಡು ದಿನ. ಕ್ಲೈಂಟ್ ಕೆಲಸಕ್ಕೆ ಅಂತ ನೋಯ್ಡಾಕ್ಕೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಜನವರಿಯ ದೆಹಲಿ ಗೊತ್ತಲ್ಲ, ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ನನ್ನ ವಿಮಾನ ಮೊದಲು ತಡವಾಯಿತು, ಆಮೇಲೆ ರದ್ದಾಯಿತು, ಮಾರನೇ ದಿನದ ಟಿಕೆಟ್ಟಿನ ಬೆಲೆ ನೋಡಿದರೆ ತಲೆ ತಿರುಗುವ ಹಾಗಿತ್ತು. ತತ್ಕಾಲ್‌ನಲ್ಲಿ ಹೇಗೋ ಒಂದು ಸ್ಲೀಪರ್ ಬರ್ತ್ ಸಿಕ್ಕಿತು. ಸುಮಾರು ನಲವತ್ತು ಗಂಟೆಯ ದಾರಿ. ಪರವಾಗಿಲ್ಲ, ಹಬ್ಬದ ಹಿಂದಿನ ದಿನವಾದರೂ ಊರಲ್ಲಿರ್ತೀನಿ, ದನಗಳನ್ನ ಕಿಚ್ಚು ಹಾಯಿಸುವ ಹೊತ್ತಿಗೆ ಅಪ್ಪನ ಜೊತೆ ನಿಂತಿರ್ತೀನಿ ಅಂದುಕೊಂಡು ಹತ್ತಿದೆ.

ಮಂಜಿನಿಂದಾಗಿ ಉತ್ತರದಲ್ಲೇ ಎರಡು ಗಂಟೆ ಹೋಯಿತು. ಅಲ್ಲಿಂದ ಮುಂದೆ ಮಂಜಿರಲಿಲ್ಲ, ಬಿಸಿಲಿತ್ತು, ಆದರೂ ತಡ ಕಮ್ಮಿಯಾಗಲಿಲ್ಲ. ಎರಡು ಮೂರಾಯಿತು, ಮೂರು ಐದಾಯಿತು. ಇದು ಯಾಕೆ ಹೀಗೆ ಅಂತ ನಿಮಗೂ ಅನ್ನಿಸಿರಬಹುದು. ರೈಲಿನ ಲೋಕದಲ್ಲಿ ಪ್ರತಿ ಗಾಡಿಗೂ ಒಂದು ‘ಪಾತ್’ ಇರುತ್ತೆ. ಕಂಟ್ರೋಲ್ ರೂಮಿನ ನಕ್ಷೆಯಲ್ಲಿ ಒಂದು ಕಡೆ ಸಮಯ, ಇನ್ನೊಂದು ಕಡೆ ಸ್ಟೇಷನ್ನುಗಳು, ನಡುವೆ ಒಂದೊಂದು ರೈಲಿಗೂ ಒಂದೊಂದು ಓರೆ ಗೆರೆ. ಗೆರೆಗೆ ಗೆರೆ ತಗುಲದ ಹಾಗೆ ಎಲ್ಲವನ್ನೂ ಹೆಣೆದಿರುತ್ತಾರೆ. ನಿಮ್ಮ ಗಾಡಿ ತನ್ನ ಗೆರೆಯಿಂದ ಜಾರಿತು ಅಂದರೆ ಅದರ ಜಾಗ ಹೋಯಿತು. ಇನ್ನು ಮೇಲೆ ಬೇರೆಯವರ ಗೆರೆಗಳ ನಡುವೆ ಸಂದಿ ಸಿಕ್ಕಾಗ ನುಗ್ಗಬೇಕು. ಅದರಲ್ಲೂ ಒಂದೇ ಹಳಿ ಇರುವ ಕಡೆ ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ಯಾವುದೋ ಸ್ಟೇಷನ್ನಿನ ಲೂಪ್ ಲೈನಿನಲ್ಲಿ ನಿಂತು ಕಾಯಬೇಕು. ನಮ್ಮ ಕಡೆ ಇದಕ್ಕೆ ‘ಕ್ರಾಸಿಂಗ್’ ಅಂತಾರೆ. ಹಾಗಾಗಿ ತಡವಾದ ರೈಲು ಇನ್ನೂ ತಡವಾಗುತ್ತೆ.

ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದಕ್ಕೂ ಒಂದು ಶ್ರೇಣಿ ಇದೆ. ಅಪಘಾತದ ಜಾಗಕ್ಕೆ ಹೊರಟ ವೈದ್ಯಕೀಯ ಪರಿಹಾರ ರೈಲಿಗೆ ಎಲ್ಲರೂ ದಾರಿ ಬಿಡಬೇಕು. ಎಕ್ಸ್‌ಪ್ರೆಸ್ಸಿಗೆ ಪ್ಯಾಸೆಂಜರ್ ಗಾಡಿ ದಾರಿ ಬಿಡಬೇಕು. ಗೂಡ್ಸು ಸಾಮಾನ್ಯವಾಗಿ ಎಲ್ಲರಿಗೂ ಬಿಡಬೇಕು. ಓದುವ ದಿನಗಳಲ್ಲಿ ನಾನು ಹತ್ತುತ್ತಿದ್ದದ್ದು ಪ್ಯಾಸೆಂಜರ್ ಗಾಡಿಗಳನ್ನೇ. ಒಡ್ಡರಹಳ್ಳಿಯಲ್ಲೋ ರಾಜಾನುಕುಂಟೆಯಲ್ಲೋ ಅರ್ಧ ಗಂಟೆ ನಿಂತು, ಪಕ್ಕದ ಹಳಿಯಲ್ಲಿ ಎಕ್ಸ್‌ಪ್ರೆಸ್ಸೊಂದು ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡಿ, ಆಮೇಲೆ ಹೊರಡುತ್ತಿದ್ದೆವು. ಹೂವಿನ ಬುಟ್ಟಿ ಇಟ್ಟುಕೊಂಡ ಹೆಂಗಸರು, ಮಗ್ಗದ ಮಾಲು ಹೊತ್ತವರು, ಕಾಲೇಜಿನ ಹುಡುಗರು ಎಲ್ಲರೂ ಸುಮ್ಮನೆ ಕೂತಿರುತ್ತಿದ್ದರು. ಯಾಕೆ ನಿಂತಿತು ಅಂತ ಯಾರೂ ಕೇಳುತ್ತಿರಲಿಲ್ಲ. ದೊಡ್ಡ ಗಾಡಿ ಬರುತ್ತೆ, ನಾವು ನಿಲ್ಲಬೇಕು, ಅಷ್ಟೇ.

ಬಿಇ ಓದುವಾಗ ಆಪರೇಟಿಂಗ್ ಸಿಸ್ಟಮ್ಸ್ ಪೇಪರಿನಲ್ಲಿ ಇದಕ್ಕೊಂದು ಹೆಸರು ಸಿಕ್ಕಿತು. ಹೆಚ್ಚು ಪ್ರಯಾರಿಟಿಯ ಕೆಲಸಗಳು ಬರುತ್ತಲೇ ಇದ್ದರೆ ಕಡಿಮೆ ಪ್ರಯಾರಿಟಿಯ ಕೆಲಸಕ್ಕೆ ಸರದಿ ಬರುವುದೇ ಇಲ್ಲ. ಅದಕ್ಕೆ ‘ಸ್ಟಾರ್ವೇಶನ್’ ಅಂತಾರೆ, ಅಂದ್ರೆ ಉಪವಾಸ. ಕಂಪ್ಯೂಟರ್ ಸೈನ್ಸ್ ಓದಿದ ಬಹಳ ಜನಕ್ಕೆ ಗಾಲ್ವಿನ್ ಪುಸ್ತಕದ ಆ ವದಂತಿ ನೆನಪಿರುತ್ತೆ. ಎಂಐಟಿಯಲ್ಲಿ 1973ರಲ್ಲಿ ಐಬಿಎಂ 7094 ಯಂತ್ರವನ್ನು ಆರಿಸುವಾಗ, 1967ರಲ್ಲಿ ಕೊಟ್ಟಿದ್ದ ಒಂದು ಕೆಲಸ ಇನ್ನೂ ಸರದಿಗಾಗಿ ಕಾಯುತ್ತಾ ಕೂತಿತ್ತಂತೆ. ನಿಜವೋ ಸುಳ್ಳೋ, ಕ್ಲಾಸಿನಲ್ಲಿ ಎಲ್ಲರೂ ನಕ್ಕಿದ್ದೆವು. ನನಗೆ ಮಾತ್ರ ಒಡ್ಡರಹಳ್ಳಿ ನೆನಪಾಗಿತ್ತು. ಇದಕ್ಕೆ ಪರಿಹಾರ ಅಂತ ಪುಸ್ತಕದಲ್ಲಿ ‘ಏಜಿಂಗ್’ ಅನ್ನೋದೂ ಇದೆ. ಕಾದಷ್ಟೂ ಆ ಕೆಲಸದ ಪ್ರಯಾರಿಟಿ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗಬೇಕು. ಕಾದವನಿಗೆ ಕಾದದ್ದಕ್ಕೇ ಒಂದು ಹಕ್ಕು ಹುಟ್ಟಬೇಕು. ಒಂದು ಯಂತ್ರಕ್ಕೆ ಬರೆದ ನಿಯಮದಲ್ಲಿ ಇಷ್ಟು ನ್ಯಾಯ ಇದೆಯಲ್ಲ ಅಂತ ಆಗ ಆಶ್ಚರ್ಯಪಟ್ಟಿದ್ದೆ.

ಈಗ ನಾನು ಎಕ್ಸ್‌ಪ್ರೆಸ್ಸಿನಲ್ಲಿದ್ದೆ. ಎಲ್ಲರೂ ದಾರಿ ಬಿಡುವ ಗಾಡಿಯೂ ಅವತ್ತು ಜಾಗ ಕಳೆದುಕೊಂಡು ಸಂದಿ ಹುಡುಕುತ್ತಿತ್ತು. ನಮ್ಮ ಬೇಯಲ್ಲಿ ಗುಲ್ಬರ್ಗದಲ್ಲಿ ಹತ್ತಿದ ಒಬ್ಬ ಹುಡುಗ, ಮಾರನೇ ದಿನ ಅವನಿಗೆ ಬೆಂಗಳೂರಿನಲ್ಲಿ ಇಂಟರ್‌ವ್ಯೂ. ಒಂದು ಕೂಸಿನ ಜೊತೆ ತಾಯಿ, ಫ್ಲಾಸ್ಕಿನ ಹಾಲು ಮುಗಿದು ಪ್ರತಿ ಸ್ಟೇಷನ್ನಿನಲ್ಲೂ ಹಾಲು ಹುಡುಕುತ್ತಿದ್ದಳು. ಸೈಡ್ ಬರ್ತಿನಲ್ಲಿ ಕೊಯಮತ್ತೂರಿನ ಕಡೆಯವರೊಬ್ಬರು, ರಾತ್ರಿ ಬೆಂಗಳೂರಿನಿಂದ ಅವರಿಗೆ ಇನ್ನೊಂದು ರೈಲು. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ನನ್ನ ಮುಖ ನೋಡಿ, ಸಿಕ್ಕುತ್ತಾ ಅಂತ ಕಣ್ಣಲ್ಲೇ ಕೇಳುತ್ತಿದ್ದರು.

ಹಿಂದೂಪುರಕ್ಕೆ ಬಂದಾಗ ಸಂಜೆ ನಾಲ್ಕು ದಾಟಿತ್ತು. ಟೀ ಕುಡಿಯಲು ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ತಾತ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಎದೆಗೊತ್ತಿಕೊಂಡ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ನನ್ನ ಹತ್ತಿರ ಬಂದರು.

“ಈ ಗಾಡಿ ದೊಡ್ಡಬಳ್ಳಾಪುರದಾಗೆ ನಿಲ್ತೈತೇನಪ್ಪಾ?”

ವೇಳಾಪಟ್ಟಿಯ ಪ್ರಕಾರ ಉತ್ತರ ಸುಲಭ, ನಿಲ್ಲಲ್ಲ. ಆದರೆ ನಾನು ಊರಿನವನು, ಒಳಗಿನ ಗುಟ್ಟು ಗೊತ್ತಿರುವವನು. ಆಗಿನ್ನೂ ಆ ಮಾರ್ಗದಲ್ಲಿ ಒಂದೇ ಹಳಿ. ಎಕ್ಸ್‌ಪ್ರೆಸ್ಸುಗಳೂ ಎಷ್ಟೋ ಸಲ ಕ್ರಾಸಿಂಗ್‌ಗೆ ಅಂತ ದೊಡ್ಡಬಳ್ಳಾಪುರದಲ್ಲಿ ನಿಲ್ಲುತ್ತಿದ್ದವು. ಹಾಗೆ ನಿಂತಾಗ ನಾನೇ ಎರಡು ಮೂರು ಸಲ ಇಳಿದು ಮನೆಗೆ ಹೋಗಿದ್ದೆ. ಅವತ್ತಿನ ಲೆಕ್ಕಾಚಾರವೂ ಅದೇ ಆಗಿತ್ತು. ಬೆಂಗಳೂರಿಗೆ ಹೋಗಿ ಅಲ್ಲಿಂದ ನಲವತ್ತು ಕಿಲೋಮೀಟರು ವಾಪಸ್ ಬರುವ ಬದಲು ಅಲ್ಲೇ ಇಳಿದುಬಿಡೋಣ ಅಂತ.

“ನಿಲ್ಲುತ್ತೆ ತಾತ, ಹತ್ತಿ. ನಾನೂ ಅಲ್ಲೇ ಇಳಿಯೋದು” ಅಂದೆ.

ಎಷ್ಟು ಆತ್ಮವಿಶ್ವಾಸದಿಂದ ಹೇಳಿದೆ ಅಂದರೆ, ನಾನೇ ಡ್ರೈವರ್ ಅನ್ನೋ ಹಾಗೆ. ‘ನಿಲ್ಲಬಹುದು’ ಅನ್ನಬೇಕಿತ್ತು. ಒಂದು ಪದದ ವ್ಯತ್ಯಾಸ.

ಗೌರಿಬಿದನೂರು ದಾಟುವಷ್ಟರಲ್ಲಿ ಅವರ ಕತೆ ತಿಳಿಯಿತು. ಅವರ ಅಕ್ಕ ಬೆಳಗಿನ ಜಾವ ಹೋಗಿಬಿಟ್ಟಿದ್ದರು. ಅಕ್ಕನನ್ನು ಕೊಟ್ಟಿದ್ದು ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಗೆ. ಸುದ್ದಿ ಇವರಿಗೆ ಮುಟ್ಟಿದ್ದೇ ಮಧ್ಯಾಹ್ನ. ಪೇಟೆಗೆ ಬಂದು ಸೀರೆ ತಗೊಂಡು, ಸ್ಟೇಷನ್ನಿಗೆ ಬಂದರೆ ನೆಚ್ಚಿಕೊಂಡಿದ್ದ ಪ್ಯಾಸೆಂಜರ್ ಗಾಡಿಯೂ ತಡ. ಬಸ್ಸಿಗೆ ಹೋಗೋದಾ ಕಾಯೋದಾ ಅಂತ ತೋಚದೆ ನಿಂತಿದ್ದಾಗ ನಮ್ಮ ಗಾಡಿ ಬಂದಿತ್ತು.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ತೀರಿಕೊಂಡರೆ ತವರಿನಿಂದ ಸೀರೆ ಬರಬೇಕು. ಅದನ್ನು ಹೊದಿಸಿಯೇ ಎತ್ತೋದು. ಎಷ್ಟೇ ವರ್ಷ ಆಗಿರಲಿ, ಮೊಮ್ಮಕ್ಕಳು ಮರಿಮಕ್ಕಳು ಆಗಿರಲಿ, ಕೊನೆಗೆ ಅವಳು ತವರಿನ ಬಟ್ಟೆಯಲ್ಲೇ ಹೋಗಬೇಕು. ಆ ಕವರಿನಲ್ಲಿದ್ದದ್ದು ಅದೇ ಸೀರೆ. “ಒತ್ತು ಮುಳುಗೋದ್ರಾಗೆ ಮಣ್ಣು ಮಾಡ್ಬೇಕು ಅಂತವ್ರೆ. ನಾನು ಓದ್ರೆ ಸರಿ, ಇಲ್ದಿದ್ರೆ ಅಂಗೇ ಕಾಯ್ತಾರೆ” ಅಂದರು. ನನ್ನ ಫೋನಿನಿಂದ ಅವರ ಅಕ್ಕನ ಮೊಮ್ಮಗನಿಗೆ ಫೋನ್ ಮಾಡಿಸಿದರು. “ರೈಲತ್ತಿವ್ನಿ ಕಣಪ್ಪಾ, ಬಳ್ಳಾಪುರದ ಟೇಸನ್ನಿಗೆ ಗಾಡಿ ತಗಂಬಾ. ಇಲ್ಲಿ ಒಬ್ರು ನಿಲ್ತೈತೆ ಅಂತ ಹೇಳವ್ರೆ.”

ಆ ‘ಒಬ್ರು’ ನಾನು.

ತೊಂಡೇಬಾವಿ ಆಯಿತು. ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ಗಾಡಿ ಸುತ್ತಿ ಬಳಸಿ ಹೋಗುವ ಜಾಗ ಬಂತು. ವೀಕೆಂಡಿನಲ್ಲಿ ನಮ್ಮ ಆಫೀಸಿನವರು ಟ್ರೆಕ್ಕಿಂಗ್ ಅಂತ ಬರುವ, ರೈಲಿನ ಫೋಟೋ ತೆಗೆಯುವ ಬೆಟ್ಟ ಅದೇ. ನಾನು ಬ್ಯಾಗು ತಗೊಂಡು ಬಾಗಿಲ ಹತ್ತಿರ ಬಂದೆ, ತಾತನೂ ಬಂದರು. ಇನ್ನು ವೇಗ ಇಳಿಯಬೇಕು ಅಂದುಕೊಂಡೆ. ಇಳಿಯಲಿಲ್ಲ. ಸಿಗ್ನಲ್ಲು ಹಸಿರಿತ್ತು. ಎದುರು ಗಾಡಿ ಇರಲಿಲ್ಲ, ಲೈನ್ ಖಾಲಿ ಇತ್ತು. ಐದು ಗಂಟೆಯಿಂದ ಸಂದಿ ಹುಡುಕುತ್ತಿದ್ದ ಗಾಡಿಗೆ ಆ ಒಂದು ಜಾಗದಲ್ಲಿ ದಾರಿ ಸಿಕ್ಕಿಬಿಟ್ಟಿತ್ತು.

“ನಿಲ್ತೈತಲ್ಲಪ್ಪಾ?” ಅಂದರು ತಾತ.

ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ ಕೆಂಪು ಹಿಡಿಯ ಚೈನಿತ್ತು. ಅಲ್ಲಿಗೆ ಹೋಗಿ ನಿಂತೆ. ಅದರ ಕೆಳಗೆ ಬರೆದಿರುವುದನ್ನು ನೀವೂ ಓದಿರ್ತೀರಿ. ಸಮಂಜಸವಾದ, ಸಾಕಷ್ಟು ಕಾರಣ ಇಲ್ಲದೆ ಎಳೆದರೆ ಸಾವಿರ ರೂಪಾಯಿವರೆಗೆ ದಂಡ, ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. 1989ರ ರೈಲ್ವೆ ಕಾಯ್ದೆಯ 141ನೇ ಸೆಕ್ಷನ್. ನನಗೆ ದಂಡದ ಭಯ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಆದರೆ ಕೈ ತಡೆದದ್ದು ಅದಲ್ಲ, ಲೆಕ್ಕ.

ಚೈನ್ ಎಳೆದರೆ ಬ್ರೇಕ್ ಪೈಪಿನ ಗಾಳಿ ಹೊರಗೆ ಹೋಗಿ ಗಾಡಿ ನಿಲ್ಲುತ್ತೆ. ನಿಂತ ಮೇಲೆ ಯಾವ ಬೋಗಿಯಲ್ಲಿ ಎಳೆದಿದ್ದು ಅಂತ ಹುಡುಕಿ, ಸರಿಮಾಡಿ, ಮತ್ತೆ ಒತ್ತಡ ತುಂಬಿಸಿ ಹೊರಡಬೇಕು. ಹತ್ತು ನಿಮಿಷ ಅಂತ ಇಟ್ಟುಕೊಂಡೆ. ಇಪ್ಪತ್ತಕ್ಕೂ ಹೆಚ್ಚು ಬೋಗಿ, ಸ್ಲೀಪರ್ ಒಂದಕ್ಕೆ 72 ಬರ್ತು, ಜನರಲ್ ಬೋಗಿಯಲ್ಲಿ ಲೆಕ್ಕವೇ ಇಲ್ಲ. ಒಟ್ಟು 1,500 ಜನ ಅನ್ನೋಣ. 1,500 ಸಲ ಹತ್ತು, 15,000 ನಿಮಿಷ. ಅಂದರೆ 250 ಗಂಟೆ. ಒಬ್ಬ ಮನುಷ್ಯನಿಗಾಗಿ 250 ಗಂಟೆ! ಆಫೀಸಿನಲ್ಲಿ ಪ್ರಾಜೆಕ್ಟ್ ಎಸ್ಟಿಮೇಟ್ ಮಾಡಿ ಮಾಡಿ ಬುದ್ಧಿ ಹಾಗೇ ಓಡುತ್ತೆ. ಜೊತೆಗೆ ಕೊಯಮತ್ತೂರಿನವರ ಮುಖ ನೆನಪಾಯಿತು. ಕೂಸಿನ ಅಳು ಕೇಳುತ್ತಲೇ ಇತ್ತು. ಹಿಂದೆ ಬರುವ ರೈಲುಗಳು, ಅವುಗಳಲ್ಲಿರುವವರು ಬೇರೆ.

ಇನ್ನೂ ಒಂದಿತ್ತು. ನಾನೂ ಅಲ್ಲೇ ಇಳಿಯಬೇಕಿತ್ತಲ್ಲ. ಎಳೆದರೆ ಲಾಭ ನನಗೂ ಇದೆ. ತಾತನ ನೆಪ ಹೇಳಿ ನನ್ನ ಮನೆ ಬಾಗಿಲಿಗೆ ರೈಲು ನಿಲ್ಲಿಸಿಕೊಂಡ ಹಾಗಾಗಲ್ವಾ? ನೋಡಿದವರು ಏನಂದುಕೊಳ್ತಾರೆ? ನನಗೇ ನನ್ನ ಮೇಲೆ ಅನುಮಾನ ಬಂತು.

ಲೆಕ್ಕ ಮುಗಿಯುವ ಹೊತ್ತಿಗೆ ದೊಡ್ಡಬಳ್ಳಾಪುರದ ಪ್ಲಾಟ್‌ಫಾರ್ಮು ಬಂದು, ಹಸಿರು ಬಾವುಟ ಹಿಡಿದು ನಿಂತ ರೈಲ್ವೆಯವರು ಬಂದು, ಬೈಕಿನ ಮೇಲೆ ಕೂತು ಕಾಯುತ್ತಿದ್ದ ಒಬ್ಬ ಹುಡುಗನ ಹಾಗೆ ಏನೋ ಕಂಡು, ಎಲ್ಲಾ ಹಿಂದೆ ಹೋಯಿತು.

ತಾತ ಬೈಯಲಿಲ್ಲ. “ನಿಲ್ಲಲಿಲ್ವಲ್ಲಪ್ಪಾ” ಅಂತ ಮಾತ್ರ ಅಂದರು, ಮಳೆ ಬರಲಿಲ್ವಲ್ಲ ಅನ್ನೋ ಹಾಗೆ. ನಾನು ಏನೋ ಹೇಳಲು ಹೋದೆ, ಬಾಯಿ ಬರಲಿಲ್ಲ.

ಇನ್ನು ಮುಂದಿನದು ಕೇಳಿ. ಒಡ್ಡರಹಳ್ಳಿ ದಾಟಿ ರಾಜಾನುಕುಂಟೆಯಲ್ಲಿ ಗಾಡಿ ನಿಂತಿತು. ಹತ್ತು ನಿಮಿಷ ನೋಡಿದೆವು, ಅಲುಗಾಡಲಿಲ್ಲ. ನಾನೂ ತಾತನೂ ಇಳಿದು ರಸ್ತೆಗೆ ಬಂದು ದೊಡ್ಡಬಳ್ಳಾಪುರದ ಬಸ್ಸಿಗೆ ಕಾದೆವು. ಬಸ್ಸು ಬೇಗ ಬರಲಿಲ್ಲ, ಬಂದದ್ದರಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಹೊತ್ತು ಮುಳುಗಿ ಕತ್ತಲಾಯಿತು. ಆಮೇಲೆ ಗುಲ್ಬರ್ಗದ ಹುಡುಗ ವಾಟ್ಸಾಪಿನಲ್ಲಿ ತಿಳಿಸಿದ. ಗಾಡಿ ರಾಜಾನುಕುಂಟೆಯಲ್ಲಿ ನಲವತ್ತು ನಿಮಿಷ ನಿಂತಿತ್ತಂತೆ, ಎದುರಿನಿಂದ ಎರಡು ರೈಲು ಬರುವವರೆಗೆ.

ಅಂದರೆ ನಾನು 1,500 ಜನರ ಪರವಾಗಿ ಅಷ್ಟು ಜೋಪಾನವಾಗಿ ಉಳಿಸಿದ ಹತ್ತು ನಿಮಿಷ, ಇಪ್ಪತ್ತು ಕಿಲೋಮೀಟರು ದಾಟುವುದರೊಳಗೆ ಮಣ್ಣುಪಾಲಾಗಿತ್ತು. ದೊಡ್ಡಬಳ್ಳಾಪುರದಲ್ಲಿ ಹತ್ತು ನಿಮಿಷ ನಿಂತಿದ್ದರೆ ಇಲ್ಲಿ ಮೂವತ್ತೇ ನಿಲ್ಲುತ್ತಿತ್ತು ಅಂತ ಕಾಣುತ್ತೆ. ಯಾರಿಗೂ ಏನೂ ನಷ್ಟ ಆಗುತ್ತಿರಲಿಲ್ಲ.

ಇದು ಆಗ ನನಗೆ ಗೊತ್ತಿರಲಿಲ್ಲ, ಹಾಗಾಗಿ ನನ್ನದು ತಪ್ಪಲ್ಲ ಅಂತ ಬಹಳ ದಿನ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ನಿಲ್ಲಲಿಲ್ಲ. ಮುಂದೇನಾಗುತ್ತೆ ಅಂತ ಗೊತ್ತಿರಲಿಲ್ಲ, ನಿಜ. ಆದರೆ ಗೊತ್ತಿದ್ದ ಸಂಗತಿಗಳನ್ನಾದರೂ ಸರಿಯಾಗಿ ತೂಗಿದೆನಾ?

ಮೊದಲನೆಯದು ಆ 250 ಗಂಟೆ. ಎಲ್ಲರ ಹತ್ತು ಹತ್ತು ನಿಮಿಷ ಕೂಡಿಸಿ ಒಂದು ದೊಡ್ಡ ಮೊತ್ತ ಮಾಡಿ, ಅದರ ಎದುರು ಒಬ್ಬ ಮುದುಕನನ್ನು ನಿಲ್ಲಿಸಿದರೆ ಅವನು ಯಾವಾಗಲೂ ಸೋಲುತ್ತಾನೆ. ಆದರೆ ಆ 250 ಗಂಟೆಯನ್ನು ಅನುಭವಿಸುವ ಮನುಷ್ಯ ಯಾರೂ ಇಲ್ಲ. ಇರುವುದು ಹತ್ತು ನಿಮಿಷ ಕಳೆದುಕೊಳ್ಳುವ 1,500 ಜನ. ಐದು ಗಂಟೆ ತಡವಾದವರಿಗೆ ಇನ್ನೊಂದು ಹತ್ತು ನಿಮಿಷ. ಅವರಲ್ಲಿ ಕೊಯಮತ್ತೂರಿನವರಂಥವರು ನಾಲ್ಕು ಜನಕ್ಕೆ ಆ ಹತ್ತು ನಿಮಿಷ ನಿಜವಾಗಿ ದುಬಾರಿ ಇರಬಹುದು. ಅವರನ್ನು ತಾತನ ಪಕ್ಕ ನಿಲ್ಲಿಸಿ ತೂಗಬೇಕಿತ್ತು, ಅದು ನಿಜಕ್ಕೂ ಕಷ್ಟದ ಪ್ರಶ್ನೆ. ನಾನು ಆ ಕಷ್ಟದ ಪ್ರಶ್ನೆಯನ್ನ ತಪ್ಪಿಸಿಕೊಳ್ಳಲು ಗುಣಾಕಾರದ ಹಿಂದೆ ಅಡಗಿಕೊಂಡೆ. ತಮಾಷೆ ಅಂದರೆ, ಹನ್ನೆರಡು ಜನರ ಮೀಟಿಂಗಿಗೆ ನಾವು ಹತ್ತು ನಿಮಿಷ ತಡವಾಗಿ ಹೋಗಿ ‘ಸಾರಿ ಗೈಸ್, ಟ್ರಾಫಿಕ್’ ಅಂತೀವಿ. ಅವತ್ತು ಹೋದ ಎರಡು ಗಂಟೆಯನ್ನ ಯಾರೂ ಗುಣಿಸೋದಿಲ್ಲ. ಗೇಟಿನ ಹೊರಗೆ ಬಿಸಿಲಲ್ಲಿ ನಿಂತ ಡೆಲಿವರಿ ಹುಡುಗನ ಐದು ನಿಮಿಷಕ್ಕಂತೂ ಲೆಕ್ಕವೇ ಇಲ್ಲ. ಗುಣಾಕಾರ ನೆನಪಾಗುವುದು ಬೇರೆಯವರು ನಮ್ಮನ್ನು ಕಾಯಿಸುವಾಗ ಮಾತ್ರ.

ಎರಡನೆಯದು ನನ್ನ ಲಾಭ. ನನಗೂ ಅನುಕೂಲ ಆಗುತ್ತೆ ಅಂತ ಒಂದು ಒಳ್ಳೆ ಕೆಲಸವನ್ನ ಅನುಮಾನಿಸೋದು ನೋಡಲು ಪ್ರಾಮಾಣಿಕತೆಯ ಹಾಗೆ ಕಾಣುತ್ತೆ. ಆದರೆ ಅವತ್ತು ನಾನು ಕಾಪಾಡಿಕೊಂಡದ್ದು ನನ್ನ ಮರ್ಯಾದೆಯನ್ನ. ಕೈ ಚೊಕ್ಕವಾಗಿರಲಿ ಅಂತ ಕೈಯನ್ನೇ ಎತ್ತಲಿಲ್ಲ. ಅದಕ್ಕೆ ಬೆಲೆ ತೆತ್ತವರು ತಾತ. ಬೇಕಿದ್ದರೆ ಚೈನ್ ಎಳೆದು, ತಾತನನ್ನು ಇಳಿಸಿ, ನಾನು ಗಾಡಿಯಲ್ಲೇ ಉಳಿದು ದಂಡ ಕಟ್ಟಬಹುದಿತ್ತು. ಈ ಉಪಾಯ ಹೊಳೆದದ್ದು ಮೂರು ದಿನ ಆದಮೇಲೆ.

ಇನ್ನು ಮೂರನೆಯದು, ನನ್ನನ್ನು ಹೆಚ್ಚು ಕಾಡುವುದು. ಮಾಕಳಿದುರ್ಗದಿಂದ ದೊಡ್ಡಬಳ್ಳಾಪುರಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚೇ ಇತ್ತು. ಗೌರಿಬಿದನೂರಿನಿಂದ ಇನ್ನೂ ಹೆಚ್ಚು. ಅಷ್ಟು ಹೊತ್ತಿನಲ್ಲಿ ಟಿಟಿಇಯನ್ನು ಹುಡುಕಿ ವಿಷಯ ಹೇಳಬಹುದಿತ್ತು. ಅವರಿಂದ ಆಗುತ್ತಿತ್ತೋ ಇಲ್ಲವೋ, ಕೇಳಬಹುದಿತ್ತು. ಬೋಗಿಯಲ್ಲಿದ್ದವರ ಹತ್ತಿರವಾದರೂ ‘ಹೀಗಿದೆ, ಏನು ಮಾಡೋಣ’ ಅನ್ನಬಹುದಿತ್ತು. 1,500 ಜನರ ಪರವಾಗಿ ತೀರ್ಮಾನ ಮಾಡಿದವನು ಒಬ್ಬನನ್ನೂ ಕೇಳಲಿಲ್ಲ. ಅವರೆಲ್ಲ ಹತ್ತು ನಿಮಿಷ ಕೊಡಲಾರದವರು ಅಂತ ನಾನೇ ಅಂದುಕೊಂಡೆ. ಅವರ ದುಡ್ಡನ್ನ ಅವರ ಹೆಸರಿನಲ್ಲಿ ನಾನು ಜಿಪುಣತನ ಮಾಡಿದ ಹಾಗೆ. ಗುಲ್ಬರ್ಗದ ಹುಡುಗನಿಗೆ ಆಮೇಲೆ ಫೋನಿನಲ್ಲಿ ಎಲ್ಲಾ ಹೇಳಿದಾಗ ಅವನು ಅಂದದ್ದು ಇಷ್ಟೇ. “ಅಣ್ಣಾರ, ನೀವು ಒಂದ್ ಮಾತ್ ಹೇಳಿದ್ರ ನಾನೇ ಎಳೀತಿದ್ನಲ್ರಿ.”

ತಾತನನ್ನು ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಆ ಮೊಮ್ಮಗನ ಬೈಕಿಗೆ ಹತ್ತಿಸಿದಾಗ ರಾತ್ರಿ ಏಳೂವರೆ ಆಗಿತ್ತು. ಒಂಬತ್ತೂವರೆಗೆ ಮನೆಯಲ್ಲಿ ಊಟ ಮುಗಿಸಿ, ಧೈರ್ಯ ಮಾಡಿ ಫೋನಿನಲ್ಲಿ ಉಳಿದಿದ್ದ ಆ ನಂಬರಿಗೆ ಫೋನ್ ಮಾಡಿದೆ. ಮೊಮ್ಮಗ ಎತ್ತಿದ.

“ಕಾದಿದ್ವಿ ಅಣ್ಣ. ತಾತ ಬಂದು ಸೀರೆ ಒದ್ಸಿದ್ರು. ಟ್ರ್ಯಾಕ್ಟರ್ ಲೈಟ್ ಆಕ್ಕೊಂಡು ತೋಟದತ್ರ ಮಣ್ಣು ಮಾಡಿದ್ವಿ. ಈಗ ಸ್ನಾನ ಮಾಡ್ತಾವ್ರೆ.”

“ಎಲ್ಲರೂ ಕಾದರಾ?” ಅಂತ ಕೇಳಿದೆ. ಪೆದ್ದು ಪ್ರಶ್ನೆ.

“ಊನಣ್ಣ. ಇನ್ನೇನ್ ಮಾಡಕಾಯ್ತದೆ.”

ಅರವತ್ತು ಜನ ಸೇರಿದ್ದರು ಅಂತಲೇ ಇಟ್ಟುಕೊಳ್ಳಿ. ಎರಡು ಗಂಟೆಗೂ ಮೇಲೆ ಕಾದಿದ್ದಾರೆ. ನನ್ನ ಅದೇ ಗುಣಾಕಾರ ಹಾಕಿದರೆ 120 ಗಂಟೆ. ಚಳಿ, ಕತ್ತಲು, ಬೆಳಗಿನಿಂದ ಯಾರೂ ಸರಿಯಾಗಿ ಉಂಡಿಲ್ಲ, ಎಷ್ಟೋ ಜನಕ್ಕೆ ಮನೆಯಲ್ಲಿ ಹಾಲು ಕರೆಯುವ ಹೊತ್ತು. ಅವರು ಯಾರೂ ಗುಣಿಸಲಿಲ್ಲ. ಅವರು ನಮಗಿಂತ ಒಳ್ಳೆಯವರು ಅಂತ ಹೇಳ್ತಿಲ್ಲ. ಹಳ್ಳಿಯವರು ಅಂದ ತಕ್ಷಣ ಕಣ್ಣು ಒದ್ದೆ ಮಾಡಿಕೊಂಡು ಬರೆಯುವ ಬರಹಗಳು ನನಗೆ ಹಿಡಿಸೋದಿಲ್ಲ. ಹಳ್ಳಿಯಲ್ಲೂ ಯಾರು ಯಾರಿಗೆ ಕಾಯಬೇಕು ಅನ್ನೋದಕ್ಕೆ ಶ್ರೇಣಿ ಇದೆ, ರೈಲ್ವೆಯದ್ದಕ್ಕಿಂತ ಕ್ರೂರವಾದದ್ದು. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಯಾರು ಕೂರುತ್ತಿದ್ದರು ಅಂತ ನಾನು ನೋಡಿದ್ದೀನಿ. ರಾಗಿ ಕಣದ ಕೆಲಸ ಮುಗಿಸಿ ಕೂಲಿಗಾಗಿ ನಮ್ಮ ಮನೆಯ ಅಂಗಳದಲ್ಲಿ ನಿಂತವರು, ಒಳಗೆ ಊಟ ಮುಗಿದು ಎಲೆ ಅಡಿಕೆ ಆಗಿ ಅಪ್ಪ ಎದ್ದು ಬರುವವರೆಗೂ ಕಾದದ್ದನ್ನೂ ನೋಡಿದ್ದೀನಿ. ಆಗ ನನಗೆ ಅದು ತಡ ಅನ್ನಿಸಿರಲಿಲ್ಲ. ಕಾಯುತ್ತಿದ್ದದ್ದು ನಾನಲ್ಲವಲ್ಲ.

ಆದರೂ ಆ ಅಂಗಳದ ಕಾಯುವಿಕೆಗೂ ತೋಟದಲ್ಲಿ ಟ್ರ್ಯಾಕ್ಟರ್ ಬೆಳಕಿನ ಕಾಯುವಿಕೆಗೂ ವ್ಯತ್ಯಾಸ ಇದೆ. ತೋಟದಲ್ಲಿದ್ದ ಪ್ರತಿಯೊಬ್ಬರಿಗೂ ಯಾರಿಗಾಗಿ ಕಾಯುತ್ತಿದ್ದೇವೆ, ಯಾಕೆ ಅನ್ನೋದು ಗೊತ್ತಿತ್ತು. ಬೇಡ ಅನ್ನಿಸಿದ್ದರೆ ಎದ್ದು ಹೋಗಬಹುದಿತ್ತು. ಅಂಗಳದಲ್ಲಿದ್ದವರಿಗೆ ಎದ್ದು ಹೋಗುವ ಅನುಕೂಲ ಇರಲಿಲ್ಲ. ರೈಲಿನಲ್ಲಿದ್ದ ನಮಗೆ ಯಾರಿಗಾಗಿ ಅನ್ನೋದೂ ಗೊತ್ತಿರಲಿಲ್ಲ, ಎದ್ದು ಹೋಗುವ ದಾರಿಯೂ ಇರಲಿಲ್ಲ. ರಾಜಾನುಕುಂಟೆಯಲ್ಲಿ ನಿಂತ ನಲವತ್ತು ನಿಮಿಷದಲ್ಲಿ ನಮ್ಮೆದುರು ಹಾದುಹೋದ ಗಾಡಿಯಲ್ಲೂ ಯಾರೋ ಆಸ್ಪತ್ರೆಗೆ ಹೊರಟವರು, ಸಂಕ್ರಾಂತಿಗೆ ಊರಿಗೆ ಹೊರಟವರು ಇದ್ದಿರಬೇಕು. ತಡ ಅಂದರೆ ಸಮಯ ಹಾಳಾಗಿ ಎಲ್ಲೋ ಹೋಗುವುದಲ್ಲ. ನಮ್ಮಿಂದ ತೆಗೆದು ಅವರಿಗೆ ಕೊಟ್ಟಿರುತ್ತಾರೆ. ಆದರೆ ಯಾರೂ ಅದನ್ನ ಹೇಳುವುದಿಲ್ಲ. ಹಾಗಾಗಿ ಕೊಟ್ಟ ಸಮಾಧಾನ ನಮಗಿಲ್ಲ, ಪಡೆದ ಋಣ ಅವರಿಗಿಲ್ಲ.

ಜಪಾನಿನಲ್ಲಿ ರೈಲು ತಡವಾದರೆ ಸ್ಟೇಷನ್ನಿನಲ್ಲಿ ಒಂದು ಚೀಟಿ ಕೊಡ್ತಾರೆ, ಆಫೀಸಿನಲ್ಲೋ ಸ್ಕೂಲಿನಲ್ಲೋ ತೋರಿಸಲು. ತಡ ಆಗಿದ್ದು ಇವರಿಂದಲ್ಲ, ನಮ್ಮಿಂದ ಅಂತ ಅದರ ಅರ್ಥ. 2017ರಲ್ಲಿ ಅಲ್ಲಿನ ಒಂದು ರೈಲು 20 ಸೆಕೆಂಡು ಬೇಗ ಹೊರಟಿತು ಅಂತ ಕಂಪನಿ ಕ್ಷಮೆ ಕೇಳಿದ್ದನ್ನ ನಾವೆಲ್ಲ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. ಮೆಚ್ಚಿದ್ದು 20 ಸೆಕೆಂಡಿನ ಶಿಸ್ತನ್ನ. ನನಗೆ ಈಗ ಅನ್ನಿಸೋದು, ಅದರಲ್ಲಿ ದೊಡ್ಡದು ಶಿಸ್ತಲ್ಲ, ಹೇಳಿದ್ದು. ನಿಮ್ಮ ಸಮಯ ನಮ್ಮ ಕೈಯಲ್ಲಿತ್ತು ಅಂತ ಒಬ್ಬರು ಒಪ್ಪಿಕೊಂಡಿದ್ದು.

ಕನ್ನಡದಲ್ಲಿ ಬಸ್ಸಿಗೆ ಕಾಯುವುದೂ ಕಾಯುವುದೇ, ದನ ಕಾಯುವುದೂ ಕಾಯುವುದೇ. ಚಿಕ್ಕವನಿದ್ದಾಗ ಹೊಲ ಕಾಯಲು ಹೋಗಿ, ಅಪ್ಪ ಬರುವವರೆಗೂ ಕಾಯುತ್ತಾ ಕೂರುತ್ತಿದ್ದೆ. ಎರಡಕ್ಕೂ ಯಾಕೆ ಒಂದೇ ಪದ ಅಂತ ಯೋಚಿಸಿರಲಿಲ್ಲ. ಆ ಅರವತ್ತು ಜನ ಅವತ್ತು ಮಾಡುತ್ತಿದ್ದದ್ದು ಯಾವುದು ಅಂತ ಕೇಳಿದರೆ, ಎರಡನ್ನೂ ಅಂತ ಹೇಳಬೇಕಾಗುತ್ತೆ.

ಇಷ್ಟೆಲ್ಲಾ ಯೋಚಿಸಿದ ಮೇಲೂ ಚೈನ್ ಎಳೆಯಬೇಕಿತ್ತು ಅಂತ ನಾನು ಖಡಾಖಂಡಿತ ಹೇಳಲಾರೆ. ಪ್ರತಿಯೊಬ್ಬರೂ ತಮ್ಮ ತಾತನಿಗಾಗಿ ಎಳೆದರೆ ಯಾವ ತಾತನೂ ಊರು ಮುಟ್ಟೋದಿಲ್ಲ, ಅದೂ ಗೊತ್ತು. ಕಾನೂನು ಕೇಳುವ ಆ ‘ಸಾಕಷ್ಟು ಕಾರಣ’ ತವರಿನ ಸೀರೆಯೊಳಗೆ ಇತ್ತೋ ಇಲ್ಲವೋ ಗೊತ್ತಿಲ್ಲ. ಖಂಡಿತ ಹೇಳಬಲ್ಲದ್ದು ಎರಡೇ. ಹಿಂದೂಪುರದಲ್ಲಿ ‘ನಿಲ್ಲುತ್ತೆ’ ಅಂತ ಹೇಳಬಾರದಿತ್ತು. ಹೇಳಿದ ಮೇಲೆ, ಆ ಮಾತು ಸುಳ್ಳಾಗುವ ಲಕ್ಷಣ ಕಂಡಾಗ, ಒಬ್ಬನೇ ನಿಂತು ಗುಣಿಸಬಾರದಿತ್ತು.

ಈಗ ಆ ಮಾರ್ಗದಲ್ಲಿ ಎರಡನೇ ಹಳಿ ಬಂದಿದೆ. ಎದುರು ಗಾಡಿಗೆ ಅಂತ ದೊಡ್ಡಬಳ್ಳಾಪುರದಲ್ಲಿ ಎಕ್ಸ್‌ಪ್ರೆಸ್ಸು ನಿಲ್ಲುವ ಕಾಲ ಹೋಯಿತು. ಹೋದ ತಿಂಗಳು ಊರಿಗೆ ಹೋಗುವಾಗ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ನಿಂತಿದ್ದ ಗಾಡಿ ತೋರಿಸಿ ಮಾಕಳಿದುರ್ಗದಲ್ಲಿ ನಿಲ್ಲುತ್ತಾ ಅಂತ ಕೇಳಿದರು. ನಿಲ್ಲುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ “ಇರಿ ಅಜ್ಜಿ, ಕೇಳ್ಕೊಂಡು ಬರ್ತೀನಿ” ಅಂತ ಗಾರ್ಡ್ ಡಬ್ಬಿಯವರೆಗೂ ಓಡಿದೆ.